ಹಳೆಯ ಫೈಬರ್ ಮೀನುಗಾರಿಕೆ ದೋಣಿಗೆ ಮರುಜೀವ: ಟ್ರಾನ್ಸಮ್‌ನಿಂದ ರಾಡ್ ಹೋಲ್ಡರ್‌ವರೆಗೆ ಸಮಗ್ರ ಮಾರ್ಗದರ್ಶಿ

ಹಳೆಯ ಫೈಬರ್ ದೋಣಿಯಲ್ಲಿ ಫೈಬರ್ ಕೆಟ್ಟಿರುವುದು ಅಪರೂಪ. ಕೆಟ್ಟಿರುವುದು ಅದರ ಹೊಟ್ಟೆಯೊಳಗಿನ ಮರ. 12ರಿಂದ 17 ಅಡಿ ಉದ್ದದ ಔಟ್‌ಬೋರ್ಡ್ (ಹಿಂಬದಿಯ ಹೊರಗೆ ಎಂಜಿನ್ ಕೂರಿಸುವ) ದೋಣಿಗಳಲ್ಲಿ, ಅದರಲ್ಲೂ ಹಳೆಯವುಗಳಲ್ಲಿ, ಟ್ರಾನ್ಸಮ್, ಸ್ಟ್ರಿಂಗರ್, ಡೆಕ್ ಮೂರರ ಒಳಗೂ ಸಾಮಾನ್ಯವಾಗಿ ಪ್ಲೈವುಡ್ ಅಥವಾ ಮರದ ಪಟ್ಟಿ ಇರುತ್ತದೆ. ಟ್ರಾನ್ಸಮ್ ಎಂದರೆ ಎಂಜಿನ್ ಕೂರುವ ಹಿಂಗೋಡೆ. ಸ್ಟ್ರಿಂಗರ್ ಎಂದರೆ ತಳದುದ್ದಕ್ಕೂ ಓಡುವ ತೊಲೆ. ಡೆಕ್ ಎಂದರೆ ಕಾಲಿಡುವ ನೆಲ. ಯಾರೋ ಎಂದೋ ಸೀಲಂಟ್ ಹಚ್ಚದೆ ತಿರುಗಿಸಿದ ಒಂದೇ ಒಂದು ಸ್ಕ್ರೂ ಸಾಕು: ಅಲ್ಲಿಂದ ಇಳಿದ ನೀರು ಫೈಬರ್ ಪದರಗಳ ನಡುವೆ ಸಿಕ್ಕಿಕೊಂಡು ವರ್ಷಗಟ್ಟಲೆ ಮರವನ್ನು ಕೊಳೆಸುತ್ತದೆ. ಹಾಗಾಗಿ ಈ ಕೆಲಸದುದ್ದಕ್ಕೂ ಕೇಳಿಕೊಳ್ಳಬೇಕಾದ ಪ್ರಶ್ನೆ ಎರಡೇ. ಇಲ್ಲಿಗೆ ನೀರು ಎಲ್ಲಿಂದ ಬಂತು? ಬಂದದ್ದು ಎಲ್ಲಿಂದ ಹೊರಹೋಗಬೇಕು? ಬಣ್ಣ, ಸೀಟು, ಫಿಶ್ ಫೈಂಡರ್ ಎಲ್ಲ ಆಮೇಲಿನ ಮಾತು.

ಅಲ್ಯೂಮಿನಿಯಂ ದೋಣಿಯ ರಿವೆಟ್, ವೆಲ್ಡಿಂಗ್ ಕೆಲಸವೇ ಬೇರೆ, ಅದು ಇಲ್ಲಿಲ್ಲ. ತೂಕ, ವೈರಿಂಗ್, ಎಂಜಿನ್ ಕುರಿತ ಭಾಗಗಳು ಮಾತ್ರ ಎರಡಕ್ಕೂ ಹೊಂದುತ್ತವೆ.

ಕೊಳ್ಳುವ ಮುನ್ನ, ಬಿಚ್ಚುವ ಮುನ್ನ: ತಟ್ಟಿ, ಕೊರೆದು ನೋಡಿ

ಪ್ಲಾಸ್ಟಿಕ್ ಸುತ್ತಿಗೆ ಅಥವಾ ಸ್ಕ್ರೂಡ್ರೈವರಿನ ಹಿಡಿಯಿಂದ ಟ್ರಾನ್ಸಮ್ಮನ್ನೂ ಡೆಕ್ಕನ್ನೂ ಅಂಗೈ ಅಂತರದಲ್ಲಿ ತಟ್ಟುತ್ತ ಹೋಗಿ. ಗಟ್ಟಿ ಜಾಗ ಟಣ್ ಎನ್ನುತ್ತದೆ, ಕೊಳೆತ ಅಥವಾ ಪದರ ಬಿಟ್ಟ ಜಾಗ ಡಬ್ ಎನ್ನುತ್ತದೆ. ಸದ್ದು ಬದಲಾದಲ್ಲೆಲ್ಲ ಪೆನ್ಸಿಲಿನಿಂದ ಗುರುತು ಹಾಕಿ. ಗುರುತುಗಳೆಲ್ಲ ಸೇರಿ ಹಾನಿಯ ನಕ್ಷೆಯೇ ಆಗುತ್ತದೆ.

ಎಂಜಿನ್ ಇದ್ದರೆ ಅದನ್ನು ಅರ್ಧ ಮೇಲೆತ್ತಿ, ಕೆಳತುದಿಯ ಮೇಲೆ ಮೈಭಾರ ಹಾಕಿ ಕುಲುಕಿ. ಇನ್ನೊಬ್ಬರು ಟ್ರಾನ್ಸಮ್‌ನ ಮೇಲಂಚನ್ನೇ ನೋಡುತ್ತಿರಲಿ. ಕಣ್ಣಿಗೆ ಕಾಣುವಷ್ಟು ಬಾಗಿದರೆ, ಅಥವಾ ಮೂಲೆಯ ಬಿರುಕು ಬಾಯಿ ಬಿಟ್ಟು ಮುಚ್ಚಿದರೆ, ಟ್ರಾನ್ಸಮ್ ಹೋಗಿದೆ ಎಂದೇ ಅರ್ಥ.

ಕೊನೆಯ ಸಾಕ್ಷಿ ಡ್ರಿಲ್ಲಿನದು. ಒಳಗಿನಿಂದ 5 ಮಿ.ಮೀ. ಬಿಟ್‌ನಲ್ಲಿ ಸುಮಾರು 25 ಮಿ.ಮೀ. ಆಳಕ್ಕೆ ಕೊರೆಯಿರಿ, ಬಿಟ್‌ಗೆ ಟೇಪ್ ಸುತ್ತಿಕೊಂಡರೆ ಹೊರಪದರಕ್ಕೆ ತಾಗುವುದಿಲ್ಲ. ಮೂರು ಜಾಗ ಮುಖ್ಯ: ಡ್ರೈನ್ ಪ್ಲಗ್ಗಿನ ಪಕ್ಕ, ಎಂಜಿನ್ ಬೋಲ್ಟುಗಳ ಕೆಳಗೆ, ಕೆಳಗಿನ ಎರಡು ಮೂಲೆಗಳಲ್ಲಿ ಒಂದು. ಒಣಗಿದ ತಿಳಿಬಣ್ಣದ ಹೊಟ್ಟು ಬಂದರೆ ಸಮಾಧಾನ. ಕಡುಕಂದು ಬಣ್ಣದ, ಬೆರಳಿಗೆ ಮೆತ್ತಿಕೊಳ್ಳುವ ಪುಡಿ ಬಂದರೆ ಮರ ಬದಲಿಸುವುದೊಂದೇ ದಾರಿ. ತೂತಿಗೆ ತೆಳು ಎಪಾಕ್ಸಿ ಸುರಿದು ಕೊಳೆತ ಮರವನ್ನು ‘ಗಟ್ಟಿ ಮಾಡುವ’ ಉಪಾಯ ಎಲ್ಲೆಡೆ ಕೇಳಿಬರುತ್ತದೆ. ಒದ್ದೆ ಮರದೊಳಗೆ ಎಪಾಕ್ಸಿ ಇಳಿಯುವುದೇ ಇಲ್ಲ. ಎಂಜಿನ್ನಿನ ಎಳೆತವನ್ನೆಲ್ಲ ತಡೆಯಬೇಕಾದ ಗೋಡೆಗೆ ಅದು ಚಿಕಿತ್ಸೆಯಲ್ಲ, ಮೇಕಪ್ಪು.

ಡೆಕ್ ಕೆಳಗಿನ ಫೋಮ್ ಕೂಡ ನೀರು ಕುಡಿದಿರಬಹುದು. ಡೆಕ್ಕಿನ ಹಿಂಬದಿಯ ತಗ್ಗಿನಲ್ಲಿ 50 ಮಿ.ಮೀ. ಹೋಲ್ ಸಾ ಹಾಕಿ ಒಂದು ಹಿಡಿ ಫೋಮ್ ತೆಗೆದು ಹಿಂಡಿ ನೋಡಿ. ನೀರು ಸುರಿದರೆ ಆ ಫೋಮ್ ಅಷ್ಟೂ ಹೊರಬರಬೇಕು. ಒಮ್ಮೆ ನೆನೆದ ಫೋಮ್ ಮುಚ್ಚಿದ ಡೆಕ್ ಕೆಳಗೆ ತಾನಾಗಿ ಒಣಗುವುದಿಲ್ಲ, ನೂರಾರು ಕಿಲೋ ಸತ್ತ ತೂಕವಾಗಿ ಕೂತಿರುತ್ತದೆ.

ತಳವನ್ನೂ ಅಳೆಯಿರಿ. ಹಿಂಬದಿಯ ಕೊನೆಯ ಒಂದೂವರೆ ಮೀಟರ್‌ಗೆ ನೇರ ಪಟ್ಟಿಯೊಂದನ್ನು ಉದ್ದಕ್ಕೆ ಒತ್ತಿ ಹಿಡಿಯಿರಿ. ಪಟ್ಟಿಯ ನಡುವೆ ಬೆಳಕು ಕಂಡರೆ ತಳ ಒಳಕ್ಕೆ ಬಾಗಿದೆ. ಅಂಥ ದೋಣಿ ಓಡುವಾಗ ಮೂತಿಯನ್ನು ನೀರಿಗೆ ಅದುಮುತ್ತದೆ. ಪಟ್ಟಿ ನಡುವೆ ತಾಗಿ ತುದಿಗಳಲ್ಲಿ ಎದ್ದರೆ ತಳ ಉಬ್ಬಿದೆ. ವೇಗದಲ್ಲಿ ಮೂತಿ ಏಳುತ್ತ ಬೀಳುತ್ತ ಕುಪ್ಪಳಿಸುತ್ತದೆ. ಮೂರ್ನಾಲ್ಕು ಮಿ.ಮೀ. ವ್ಯತ್ಯಾಸಕ್ಕೂ ವರ್ತನೆ ಬದಲಾಗುತ್ತದೆ. ಟ್ರೈಲರ್‌ನ ಆಧಾರ ತಪ್ಪಾದ ಜಾಗದಲ್ಲಿದ್ದು ವರ್ಷಗಟ್ಟಲೆ ನಿಂತ ದೋಣಿಗಳಲ್ಲಿ ಇದು ಸಾಮಾನ್ಯ.

ಟ್ರಾನ್ಸಮ್, ಸ್ಟ್ರಿಂಗರ್, ಡೆಕ್ ಮೂರೂ ಕೊಳೆತು ತಳವೂ ಬಾಗಿದ್ದರೆ, ದೋಣಿ ಬಿಟ್ಟಿ ಸಿಕ್ಕರೂ ಬೇಡ. ಟ್ರಾನ್ಸಮ್ ಮತ್ತು ಡೆಕ್ ಮಾತ್ರ ಹೋಗಿ ತಳ ನೇರವಾಗಿದ್ದರೆ ಧೈರ್ಯವಾಗಿ ಕೈ ಹಾಕಬಹುದು.

ರೆಸಿನ್ ಆಯ್ಕೆ: ಪಾಲಿಯೆಸ್ಟರೋ ಎಪಾಕ್ಸಿಯೋ

ರೆಸಿನ್ ಎಂದರೆ ಫೈಬರ್ ಬಟ್ಟೆಗೆ ಹಚ್ಚುವ, ಆಮೇಲೆ ಗಟ್ಟಿಯಾಗುವ ಅಂಟುದ್ರವ. ಪಾಲಿಯೆಸ್ಟರ್ ಅಗ್ಗ, ಬೇಗ ಗಟ್ಟಿಯಾಗುತ್ತದೆ, ಮೇಲೆ ಜೆಲ್‌ಕೋಟ್ (ಹೊರಮೈಯ ಹೊಳಪಿನ ಬಣ್ಣದ ಪದರ) ಚೆನ್ನಾಗಿ ಹಿಡಿಯುತ್ತದೆ. ಎಪಾಕ್ಸಿ ದುಬಾರಿ, ಆದರೆ ಮರಕ್ಕೂ ಹಳೆಯ ಫೈಬರ್‌ಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ, ನೀರನ್ನೂ ಹೆಚ್ಚು ತಡೆಯುತ್ತದೆ. ಟ್ರಾನ್ಸಮ್‌ಗಾದರೂ ಎಪಾಕ್ಸಿ ಬಳಸುವುದು ಒಳ್ಳೆಯದು. ಒಂದು ನಿಯಮ ಮಾತ್ರ ನೆನಪಿರಲಿ: ಪಾಲಿಯೆಸ್ಟರ್ ಮೇಲೆ ಎಪಾಕ್ಸಿ ಹಿಡಿಯುತ್ತದೆ, ಎಪಾಕ್ಸಿ ಮೇಲೆ ಪಾಲಿಯೆಸ್ಟರನ್ನು ನಂಬುವಂತಿಲ್ಲ. ಎರಡನ್ನೂ ಬಳಸುವುದಾದರೆ, ಅವು ಕೂಡುವ ಅಂಚಿನಲ್ಲಿ ಪಾಲಿಯೆಸ್ಟರ್ ಕೆಲಸ ಮೊದಲು ಮುಗಿದಿರಬೇಕು.

ಬಟ್ಟೆಯ ಆಯ್ಕೆಯೂ ಇದಕ್ಕೆ ತಕ್ಕಂತೆ. ಸಾಮಾನ್ಯ ಚಾಪ್ಡ್ ಸ್ಟ್ರಾಂಡ್ ಮ್ಯಾಟ್‌ನ (ತುಂಡು ಎಳೆಗಳ ಫೈಬರ್ ಹಾಸಿನ) ಎಳೆಗಳನ್ನು ಹಿಡಿದಿಟ್ಟಿರುವ ಬೈಂಡರ್ ಪಾಲಿಯೆಸ್ಟರ್‌ನಲ್ಲಿರುವ ಸ್ಟೈರೀನ್‌ಗೆ ಕರಗುತ್ತದೆ, ಮ್ಯಾಟ್ ಮೆತ್ತಗಾಗಿ ಮೂಲೆಗೆ ಕೂರುತ್ತದೆ. ಎಪಾಕ್ಸಿಯಲ್ಲಿ ಸ್ಟೈರೀನ್ ಇಲ್ಲ, ಹಾಗಾಗಿ ಅದೇ ಮ್ಯಾಟ್ ಬಿಳಿಬಿಳಿಯಾಗಿ ಬಿರುಸಾಗಿ ಉಳಿಯುತ್ತದೆ. ಎಪಾಕ್ಸಿಗೆ ನೂಲಿನಿಂದ ಹೊಲಿದ ಬಯಾಕ್ಸಿಯಲ್ (ಎರಡು ದಿಕ್ಕಿನ ಎಳೆಯ) ಬಟ್ಟೆ, ಚದರ ಮೀಟರ್‌ಗೆ 600 ಗ್ರಾಂ ತೂಕದ್ದು, ತೆಗೆದುಕೊಳ್ಳಿ.

ಲೆಕ್ಕ ಹೀಗೆ. 450 ಗ್ರಾಂ ಮ್ಯಾಟ್‌ನ ಒಂದು ಚದರ ಮೀಟರ್‌ಗೆ ಸುಮಾರು 1 ಕೆಜಿ ಪಾಲಿಯೆಸ್ಟರ್ ರೆಸಿನ್ ಹಿಡಿಯುತ್ತದೆ. 14 ಅಡಿ ದೋಣಿಯ ಡೆಕ್ 3 ಚದರ ಮೀಟರ್ ಎಂದಿಟ್ಟುಕೊಳ್ಳಿ: ಮೇಲೆ ಎರಡು ಪದರಕ್ಕೆ 6 ಕೆಜಿ, ಕೆಳಗೆ ಒಂದಕ್ಕೆ 3, ಅಂಚುಪಟ್ಟಿಗೆ 2. ಮೂರು ಮೀಟರಿನ ಎರಡು ಸ್ಟ್ರಿಂಗರ್‌ಗಳಿಗೆ ತಲಾ ಮೂರು ಪದರದಂತೆ 9 ಕೆಜಿ. ಟ್ರಾನ್ಸಮ್‌ನ ಒಳಪದರಕ್ಕೆ 3, ಅಂಟಿಸಲು ಇನ್ನೂ 3. ಒಟ್ಟು 26 ಕೆಜಿ. ಪೋಲಾಗುವುದೂ ಸೇರಿ 30 ಕೆಜಿ ರೆಸಿನ್, 25 ಚದರ ಮೀಟರ್ ಮ್ಯಾಟ್ ತಂದಿಟ್ಟುಕೊಂಡರೆ ಮಧ್ಯೆ ಕೆಲಸ ನಿಲ್ಲುವುದಿಲ್ಲ. ಟ್ರಾನ್ಸಮ್ಮನ್ನು ಎಪಾಕ್ಸಿಯಲ್ಲಿ ಮಾಡುವುದಾದರೆ ಆ 6 ಕೆಜಿಯನ್ನು ಇದರಿಂದ ಕಳೆಯಿರಿ.

ಪಾಲಿಯೆಸ್ಟರ್‌ಗೆ ಹಾರ್ಡ್‌ನರ್ ಆದ ಎಂಇಕೆಪಿ ತೂಕದಲ್ಲಿ ಶೇ. 1ರಿಂದ 2. ಒಂದು ಕೆಜಿಗೆ 15 ಗ್ರಾಂ ಮಧ್ಯಮ ಹದ. ಶೇ. 1ಕ್ಕಿಂತ ಕಡಿಮೆಯಾದರೆ ಪೂರ್ತಿ ಗಟ್ಟಿಯಾಗದೆ ಉಳಿಯಬಹುದು, 2 ಮೀರಿದರೆ ಕಾದು ಬಿರುಕು ಬಿಡಬಹುದು. ಎಪಾಕ್ಸಿಯಲ್ಲಿ ಈ ಆಟ ನಡೆಯುವುದಿಲ್ಲ: ತಯಾರಕರು ಹೇಳಿದ ಅನುಪಾತವೇ ಅಂತಿಮ, ಹಾರ್ಡ್‌ನರ್ ಹೆಚ್ಚು ಹಾಕಿದರೆ ಬೇಗ ಗಟ್ಟಿಯಾಗುವುದಿಲ್ಲ, ಅಂಟಂಟಾಗಿಯೇ ಉಳಿಯುತ್ತದೆ. ಒಮ್ಮೆಗೆ ಅರ್ಧ ಕೆಜಿಗಿಂತ ಹೆಚ್ಚು ಕಲಸಬೇಡಿ, ಕಲಸಿದ್ದನ್ನು ಅಗಲವಾದ ತಟ್ಟೆಗೆ ಸುರಿದುಕೊಳ್ಳಿ. ಆಳದ ಡಬ್ಬಿಯಲ್ಲಿ ಬಿಟ್ಟರೆ ತನ್ನ ಬಿಸಿಗೆ ತಾನೇ ಹೊಗೆಯಾಡುತ್ತದೆ.

ಎಚ್ಚರಿಕೆ ಎರಡು. ಎಂಇಕೆಪಿ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಕನ್ನಡಕವಿಲ್ಲದೆ ಬಾಟಲಿ ಮುಚ್ಚಳ ತೆರೆಯಬೇಡಿ. ಕೋಬಾಲ್ಟ್ ಆಕ್ಸಿಲರೇಟರ್ (ಗಟ್ಟಿಯಾಗುವುದನ್ನು ಚುರುಕುಗೊಳಿಸುವ ದ್ರವ) ಪ್ರತ್ಯೇಕವಾಗಿ ಬರುವ ರೆಸಿನ್ ಆದರೆ, ಮೊದಲು ಕೋಬಾಲ್ಟನ್ನು ರೆಸಿನ್‌ನಲ್ಲಿ ಪೂರ್ತಿ ಕಲಸಿ, ಆಮೇಲೆ ಎಂಇಕೆಪಿ ಹಾಕಿ. ಎರಡು ನೇರವಾಗಿ ಒಂದಕ್ಕೊಂದು ತಾಗಿದರೆ ಸ್ಫೋಟವಾಗುತ್ತದೆ. ಅಳೆಯುವ ಲೋಟವನ್ನೂ ಹಂಚಿಕೊಳ್ಳುವಂತಿಲ್ಲ.

ಬಿಚ್ಚುವ ಕೆಲಸ

ಪ್ರತಿ ವೈರಿಗೂ ಚೀಟಿ ಅಂಟಿಸಿ, ಪ್ರತಿ ಕೋನದಿಂದ ಫೋಟೋ ತೆಗೆದು, ಎಂಜಿನ್, ಇಂಧನ ಟ್ಯಾಂಕ್, ಬ್ಯಾಟರಿ, ಸೀಟು ಇಳಿಸಿ. ಗ್ರೈಂಡರ್ ಕಿಡಿ ಹಾರುವ ಮುನ್ನ ಇಂಧನದ ಹನಿಯೂ ದೋಣಿಯಲ್ಲಿರಬಾರದು.

ಡೆಕ್ಕಿಗೆ ಗರಗಸ ಹಾಕುವ ಮುನ್ನ ತಳಕ್ಕೆ ಆಧಾರ ಕೊಡಿ. ಡೆಕ್ ಮತ್ತು ಸ್ಟ್ರಿಂಗರ್ ತೆಗೆದ ಮೇಲೆ ದೋಣಿಗೆ ಬೆನ್ನುಮೂಳೆ ಇರುವುದಿಲ್ಲ. ಆಗ ಅದು ಹೇಗೆ ಕೂತಿರುತ್ತದೋ ಅದೇ ಆಕಾರದಲ್ಲಿ ಹೊಸ ಸ್ಟ್ರಿಂಗರ್ ಗಟ್ಟಿಯಾಗುತ್ತದೆ. ಪ್ರತಿ 60 ಸೆಂ.ಮೀ.ಗೆ ತಳದ ಆಕಾರಕ್ಕೆ ಕತ್ತರಿಸಿದ ಮರದ ಆಧಾರ ಕೊಟ್ಟು, ಎರಡೂ ಅಂಚುಗಳ ನಡುವೆ ಅಡ್ಡಪಟ್ಟಿ ಬಿಗಿದು ಅಗಲ ಬದಲಾಗದಂತೆ ನೋಡಿಕೊಳ್ಳಿ. ಮೂಲೆಯಿಂದ ಮೂಲೆಗೆ ದಾರ ಕಟ್ಟಿದರೆ ತಿರುಚಿರುವುದು ಕೂಡಲೇ ಕಾಣುತ್ತದೆ.

ಡೆಕ್ಕನ್ನು ಪಕ್ಕದ ಗೋಡೆಯಿಂದ 5 ಸೆಂ.ಮೀ. ಒಳಗೆ ಕತ್ತರಿಸಿ. ಬ್ಲೇಡಿನ ಆಳ ಪ್ಲೈವುಡ್ಡಿನ ದಪ್ಪಕ್ಕಿಂತ ಎರಡೇ ಮಿ.ಮೀ. ಹೆಚ್ಚಿರಲಿ. ಸ್ಟ್ರಿಂಗರ್ ತೆಗೆಯುವ ಮುನ್ನ ಅದರ ಎತ್ತರ, ಜಾಗ, ಅಂತರವನ್ನು ಪ್ರತಿ 30 ಸೆಂ.ಮೀ.ಗೆ ಬರೆದಿಟ್ಟುಕೊಳ್ಳಿ. ಇಷ್ಟಾದ ಮೇಲೆ ಅಂಟಿಸುವ ಜಾಗವನ್ನೆಲ್ಲ 36 ಅಥವಾ 40 ಗ್ರಿಟ್ ಡಿಸ್ಕಿನಿಂದ ಹೊಳಪು ಹೋಗುವವರೆಗೆ ಉಜ್ಜಿ. ಕೆಲಸದ ಅತ್ಯಂತ ಕೊಳಕು ಭಾಗ ಇದೇ. ಪೂರ್ತಿ ಮುಖದ ರೆಸ್ಪಿರೇಟರ್, ಉದ್ದ ತೋಳು, ಗ್ಲೌಸ್ ಕಡ್ಡಾಯ. ಕೆಲಸವಾದ ಮೇಲೆ ತಣ್ಣೀರಿನಲ್ಲಿ ತೊಳೆದುಕೊಳ್ಳಿ. ಆಮೇಲೆ ಖಾಲಿ ದೋಣಿಯನ್ನು ಮಳೆ ತಾಗದಂತೆ, ಗಾಳಿಯಾಡುವಂತೆ ಒಣಗಲು ಬಿಡಿ. ಆತುರ ಬೇಡ.

ಟ್ರಾನ್ಸಮ್

ಒಳಗಿನಿಂದ ಮಾಡುವುದು, ಹೊರಗಿನಿಂದ ಮಾಡುವುದು ಎಂದು ಎರಡು ಪದ್ಧತಿ. ಡೆಕ್ ಹೇಗೂ ಬಿಚ್ಚಿದ್ದರೆ ಒಳಗಿನಿಂದ ಮಾಡಿ. ಹೊರಮೈಯ ಜೆಲ್‌ಕೋಟ್ ಹಾಗೇ ಉಳಿಯುತ್ತದೆ.

1. ಒಳಪದರದ ಫೈಬರನ್ನು ಅಂಚಿನಿಂದ 5ರಿಂದ 7 ಸೆಂ.ಮೀ. ಬಿಟ್ಟು ಕತ್ತರಿಸಿ ತೆಗೆಯಿರಿ. ಕೊಳೆತ ಮರವನ್ನು ಉಳಿಯಿಂದ ಕೆತ್ತಿ, ಹೊರಪದರದ ಒಳಮೈ ಬರಿ ಫೈಬರ್ ಆಗುವವರೆಗೆ ಗ್ರೈಂಡ್ ಮಾಡಿ. ಹೊರಪದರ ಬಹಳ ತೆಳುವಾಗಿದ್ದರೆ ಮೊದಲು ಒಂದೆರಡು ಪದರ ಮ್ಯಾಟ್ ಹಾಕಿ ಬಲಪಡಿಸಿ.

2. ರಟ್ಟಿನಲ್ಲಿ ಅಚ್ಚು ತೆಗೆದು, ಅದರಂತೆ 18 ಮಿ.ಮೀ. ಮರೈನ್ ಪ್ಲೈ ಎರಡು ಕತ್ತರಿಸಿ. ಬಿಎಸ್ 1088 ಮುದ್ರೆಯ ಪ್ಲೈ ಸಿಕ್ಕರೆ ಒಳ್ಳೆಯದು. ಅನುಮಾನವಿದ್ದರೆ ಒಂದು ತುಂಡನ್ನು ಗಂಟೆಗಟ್ಟಲೆ ಕುದಿಸಿ. ಪದರ ಬಿಟ್ಟರೆ ಆ ಹಲಗೆ ದೋಣಿಗಲ್ಲ. ಒತ್ತಡದಲ್ಲಿ ರಾಸಾಯನಿಕ ತುಂಬಿದ, ಇನ್ನೂ ಹಸಿಯಿರುವ ಮರಕ್ಕೆ ಪಾಲಿಯೆಸ್ಟರ್ ಸರಿಯಾಗಿ ಹಿಡಿಯುವುದಿಲ್ಲ.

3. ಎರಡು ಹಲಗೆಗಳನ್ನೂ ಒಣದಾಗಿ ಇಟ್ಟು ನೋಡಿ. ಒಟ್ಟು ದಪ್ಪ, ಎರಡೂ ಬದಿಯ ಫೈಬರ್ ಸೇರಿ, ಮೊದಲಿದ್ದಷ್ಟೇ ಇರಬೇಕು. ಇಲ್ಲದಿದ್ದರೆ ಎಂಜಿನ್ನಿನ ಕ್ಲಾಂಪ್ ಕೂರುವುದಿಲ್ಲ. ಮೇಲಂಚಿನ ಎತ್ತರವನ್ನೂ ಈಗಲೇ ಸರಿಮಾಡಿಕೊಳ್ಳಿ: ಶಾರ್ಟ್ ಶಾಫ್ಟ್ ಎಂಜಿನ್ನಿಗೆ ಸುಮಾರು 38 ಸೆಂ.ಮೀ., ಲಾಂಗ್ ಶಾಫ್ಟ್‌ಗೆ 51 ಸೆಂ.ಮೀ.

4. ಹಲಗೆಯ ಎಲ್ಲ ಮೈಗೂ, ಅದರಲ್ಲೂ ಅಂಚುಗಳಿಗೆ, ತೆಳು ರೆಸಿನ್ ಹಚ್ಚಿ ಕುಡಿಯಲು ಬಿಡಿ. ಅಂಚು ಮತ್ತೆ ಒಣಗಿದಂತೆ ಕಂಡರೆ ಮತ್ತೊಮ್ಮೆ ಹಚ್ಚಿ. ಈ ಹಂತ ಬಿಟ್ಟರೆ ಮರವು ಅಂಟಿನೊಳಗಿನ ರೆಸಿನ್ನನ್ನೇ ಹೀರಿಕೊಂಡು ಜೋಡಣೆ ಒಣಗುತ್ತದೆ.

5. ಫ್ಯೂಮ್ಡ್ ಸಿಲಿಕಾ (ರೆಸಿನ್ನನ್ನು ಮಂದವಾಗಿಸುವ ನುಣ್ಣನೆ ಪುಡಿ) ಬೆರೆಸಿ ರೆಸಿನ್ನನ್ನು ಕೋಲಿನಿಂದ ಎತ್ತಿದರೆ ಜಾರದ ಹದಕ್ಕೆ ತನ್ನಿ. ಹಲ್ಲಿನ ಕರಣೆಯಿಂದ ಎರಡೂ ಮೈಗೆ ಬಳಿದು ಹಲಗೆ ಕೂರಿಸಿ. ಮೇಣ ಸವರಿದ ಬೋಲ್ಟುಗಳನ್ನು ಹಳೆಯ ಎಂಜಿನ್ ತೂತುಗಳ ಮೂಲಕ ಹಾಕಿ, ಹೊರಗೂ ಒಳಗೂ ದಪ್ಪ ಅಡ್ಡಪಟ್ಟಿ ಕೊಟ್ಟು ಬಿಗಿಯಿರಿ. ಸುತ್ತಲಿನ ಅಂಚಿನಿಂದ ಅಂಟು ಒಂದೇ ಸಮನೆ ಉಕ್ಕಿದರೆ ಸಾಕು, ಅಲ್ಲಿಗೆ ನಿಲ್ಲಿಸಿ. ಜೋರಾಗಿ ಬಿಗಿದಷ್ಟೂ ಅಂಟೆಲ್ಲ ಹೊರಬಂದು ನಡುವೆ ಏನೂ ಉಳಿಯುವುದಿಲ್ಲ.

6. ಗಟ್ಟಿಯಾದ ಮೇಲೆ ಒಳಮೂಲೆಗಳಿಗೆಲ್ಲ 15ರಿಂದ 20 ಮಿ.ಮೀ. ತ್ರಿಜ್ಯದ ಫಿಲೆಟ್ (ಮೂಲೆ ದುಂಡಗಾಗುವಂತೆ ಮಂದ ರೆಸಿನ್ನಿನ ಪಟ್ಟಿ) ಹಾಕಿ. ಫೈಬರ್ ಎಳೆ ಚೂಪು ಮೂಲೆಯಲ್ಲಿ ಮಡಿಯುವುದಿಲ್ಲ, ಎದ್ದು ನಿಂತು ಕೆಳಗೆ ಗಾಳಿ ಸೇರುತ್ತದೆ. ಅದರ ಮೇಲೆ ಒಳಪದರ ನಾಲ್ಕು ಸಲ; ಪ್ರತಿ ಪದರವೂ ಪಕ್ಕ ಮತ್ತು ತಳದ ಮೇಲೆ ಹಿಂದಿನದಕ್ಕಿಂತ 25ರಿಂದ 50 ಮಿ.ಮೀ. ಹೆಚ್ಚು ಚಾಚಲಿ. ಎಲ್ಲವೂ ಒಂದೇ ಗೆರೆಯಲ್ಲಿ ನಿಂತರೆ ಮುಂದಿನ ಬಿರುಕು ಅದೇ ಗೆರೆಯಲ್ಲಿ.

ಎಪಾಕ್ಸಿ ಗಟ್ಟಿಯಾಗುವಾಗ ಮೇಲೆ ಮೇಣದಂಥ ಜಿಡ್ಡು ಕೂರಬಹುದು. ಅದನ್ನು ಮೊದಲು ನೀರು ಮತ್ತು ಒರಟು ಪ್ಯಾಡ್‌ನಿಂದ ತೊಳೆಯಬೇಕು, ಆಮೇಲೆ ಸ್ಯಾಂಡ್‌ಪೇಪರ್. ಉಲ್ಟಾ ಮಾಡಿದರೆ ಜಿಡ್ಡು ಒಳಗೇ ಉಜ್ಜಿಹೋಗಿ ಮುಂದಿನ ಪದರ ಸಿಪ್ಪೆಯಂತೆ ಏಳುತ್ತದೆ.

ಸ್ಟ್ರಿಂಗರ್, ಫೋಮ್, ಡೆಕ್

ಸ್ಟ್ರಿಂಗರನ್ನು ತಳಕ್ಕೆ ನೇರವಾಗಿ ಒತ್ತಿ ಕೂರಿಸಬೇಡಿ. ಮರದ ಗಟ್ಟಿ ಅಂಚು ತಾಗಿದ ಜಾಗದಲ್ಲಿ ಅಲೆಯ ಹೊಡೆತಕ್ಕೆ ಹೊರಗೆ ಗೆರೆಯಂಥ ಬಿರುಕು ಬೀಳುತ್ತದೆ. ಕೆಳಗೆ 5 ಮಿ.ಮೀ. ಎಡೆ ಬಿಟ್ಟು ಸಿಲಿಕಾ ಬೆರೆಸಿದ ಮಂದ ರೆಸಿನ್ ತುಂಬಿ, ಎರಡೂ ಬದಿಗೆ ಫಿಲೆಟ್ ಕೊಟ್ಟು, ಮೂರು ಪದರ ಹೊದಿಸಿ. ನೀರು ಹಿಂದಕ್ಕೆ ಹರಿಯಲು ತೂತು ಬೇಕಿರುವಲ್ಲಿ ಪಿವಿಸಿ ಪೈಪಿನ ತುಂಡೊಂದನ್ನು ರೆಸಿನ್‌ನಲ್ಲಿ ಕೂರಿಸಿ. ಬರಿ ಮರದಲ್ಲಿ ಕೊರೆದ ತೂತೇ ಹಳೆಯ ಸ್ಟ್ರಿಂಗರ್ ಕೊಳೆಯಲು ಕಾರಣವಾಗಿರುವ ಸಾಧ್ಯತೆ ಬಹಳ.

ಫೋಮ್ ತೆಗೆದು ಬಿಸಾಡಿ, ಮತ್ತೆ ಹಾಕದೇ ಡೆಕ್ ಮುಚ್ಚುವವರಿದ್ದಾರೆ. ಅದು ಅಪಾಯ. ನೀರು ತುಂಬಿದಾಗ ದೋಣಿಯನ್ನು ತೇಲಿಸುವುದು ಅದೊಂದೇ. ಎರಡು ದ್ರವ ಬೆರೆಸಿ ಸುರಿಯುವ ಮುಚ್ಚುಕೋಶದ ಪಾಲಿಯುರೆಥೇನ್ ಫೋಮ್, ಘನ ಮೀಟರ್‌ಗೆ 32 ಕೆಜಿ ಸಾಂದ್ರತೆಯದು, 100 ಲೀಟರ್ ಜಾಗಕ್ಕೆ ಸುಮಾರು 96 ಕೆಜಿ ಎತ್ತುತ್ತದೆ. ಎಷ್ಟು ಬೇಕು ಎಂಬ ಅಂದಾಜು: ಮುಳುಗಿದ ಫೈಬರ್ ತನ್ನ ತೂಕದ ಮೂರನೇ ಒಂದು ಭಾಗದಷ್ಟೇ ಕೆಳಗೆಳೆಯುತ್ತದೆ. 250 ಕೆಜಿ ಹಲ್ (ದೋಣಿಯ ಮೈ) ಎಂದರೆ 83 ಕೆಜಿ, ಎಂಜಿನ್ ಮತ್ತು ಬ್ಯಾಟರಿಗೆ 80, ಹಿಡಿದು ನೇತಾಡುವ ಜನರಿಗೆ 80. ಸುಮಾರು 250 ಲೀಟರ್ ಫೋಮ್ ಬೇಕು, ಅದಕ್ಕಿಂತ ಸ್ವಲ್ಪ ಹೆಚ್ಚೇ ಇರಲಿ.

ಪ್ರಮಾಣಕ್ಕಿಂತ ಜಾಗ ದೊಡ್ಡದು. ಎಲ್ಲ ಫೋಮನ್ನೂ ಡೆಕ್ ಕೆಳಗೆ ತುಂಬಿದರೆ ನೀರು ತುಂಬಿದ ದೋಣಿ ತೇಲುತ್ತದೆ, ಆದರೆ ಹೊಟ್ಟೆ ಮೇಲಾಗಿ! ಅರ್ಧಕ್ಕಿಂತ ಹೆಚ್ಚು ಫೋಮ್ ಪಕ್ಕದ ಗೋಡೆಗಳ ಮೇಲ್ಭಾಗಕ್ಕೆ, ಹಿಂಬದಿಯ ಎರಡೂ ಮೂಲೆಗೆ ಹೋಗಲಿ. ಸುರಿಯುವಾಗ ಸ್ವಲ್ಪ ಸ್ವಲ್ಪವೇ. ಒಮ್ಮೆಗೆ ಸುರಿದರೆ ಉಬ್ಬಿ ಡೆಕ್ಕನ್ನೇ ಎತ್ತುತ್ತದೆ. ತಳದ ನಡುಗೆರೆಯಲ್ಲಿ ನೀರಿಗೆ ದಾರಿ ಬಿಡಿ. ಅಗ್ಗವೆಂದು ಬಿಳಿ ಥರ್ಮೋಕೋಲ್ ತುರುಕಬೇಡಿ, ಪೆಟ್ರೋಲಿಗೂ ಪಾಲಿಯೆಸ್ಟರ್ ರೆಸಿನ್‌ಗೂ ಅದು ಕರಗಿಹೋಗುತ್ತದೆ.

ಡೆಕ್ ಮುಚ್ಚುವ ಮುನ್ನ, ವೈರ್ ಎಳೆಯಲೆಂದು, ಹಿಂದಿನಿಂದ ಮುಂದಿನವರೆಗೆ 50 ಮಿ.ಮೀ. ಪಿವಿಸಿ ಪೈಪ್ ಎರಡು ಹಾಕಿ, ಒಳಗೆ ಎಳೆದಾರವೊಂದನ್ನು ಬಿಟ್ಟಿಡಿ. ಡೆಕ್ಕಿಗೆ 12 ಮಿ.ಮೀ. ಪ್ಲೈ ಸಾಕು. ಅದರ ಕೆಳಮೈಗೆ ಮೊದಲು ಒಂದು ಪದರ ಮ್ಯಾಟ್, ಹ್ಯಾಚ್ ಕತ್ತರಿಸಿದ ಅಂಚುಗಳಿಗೆ ಮೂರು ಸಲ ರೆಸಿನ್. ಹಿಂಬದಿಗೆ ಸ್ವಲ್ಪ ಇಳಿಜಾರಿರಲಿ.

ನಿಮಗೆ ಬೇಕಾದಂತೆ: ಆದರೆ ತೂಕ ನೋಡಿಕೊಂಡು

ದೋಣಿಯ ಮೇಲಿನ ಕೆಪ್ಯಾಸಿಟಿ ಪ್ಲೇಟ್ (ಎಷ್ಟು ತೂಕ ಹೊರಬಹುದೆಂದು ಹೇಳುವ ಫಲಕ) ಬರೆದಾಗ ಈಗ ನೀವು ಸೇರಿಸಬೇಕೆಂದಿರುವ ಯಾವುದೂ ಅಲ್ಲಿರಲಿಲ್ಲ. ಎತ್ತರದ ಕಾಸ್ಟಿಂಗ್ ಡೆಕ್ (ನಿಂತು ಗಾಳ ಬೀಸುವ ವೇದಿಕೆ), ಲೈವ್‌ವೆಲ್ (ಹಿಡಿದ ಮೀನನ್ನು ಜೀವಂತ ಇಡುವ ನೀರಿನ ತೊಟ್ಟಿ), ಎರಡನೇ ಬ್ಯಾಟರಿ ಎಲ್ಲ ಆ ಅಂಕಿಯೊಳಗೇ ಹಿಡಿಯಬೇಕು.

ಮುಂಭಾಗದ ಕಾಸ್ಟಿಂಗ್ ಡೆಕ್ಕಿನ ಎತ್ತರವನ್ನು ಕಾಗದದ ಮೇಲೆ ನಿರ್ಧರಿಸಬೇಡಿ. ದೋಣಿಯನ್ನು ಮೊಣಕಾಲು ನೀರಿನಲ್ಲಿಟ್ಟು, ಗಟ್ಟಿ ಪೆಟ್ಟಿಗೆಗಳ ಮೇಲೆ ಹಲಗೆ ಕಟ್ಟಿ, ಲೈಫ್ ಜಾಕೆಟ್ ತೊಟ್ಟು ಅಂಚಿನಲ್ಲಿ ನಿಂತು ರಾಡ್ ಬೀಸಿದಂತೆ ಮೈ ತಿರುಗಿಸಿ. ಪಕ್ಕದಂಚು ನೀರಿಗೆ ಎಷ್ಟು ಇಳಿಯಿತು ಎಂಬುದು ನಿಮ್ಮ ಉತ್ತರ. ಸಣ್ಣ ದೋಣಿಯಲ್ಲಿ ಡೆಕ್ ಪಕ್ಕದಂಚಿಗಿಂತ 10ರಿಂದ 15 ಸೆಂ.ಮೀ. ಕೆಳಗಿದ್ದರೇ ಕ್ಷೇಮ. ಅದರ ಚೌಕಟ್ಟಿಗೆ ಅಲ್ಯೂಮಿನಿಯಂ ಆಂಗಲ್, ಮೇಲೆ 9 ಮಿ.ಮೀ. ಪ್ಲೈ, ದಪ್ಪ ಮರದ ಚೌಕಟ್ಟು ಬೇಡ.

ಲೈವ್‌ವೆಲ್ 60 ಲೀಟರ್ ಎಂದರೆ 60 ಕೆಜಿ, ಅದೂ ಅಲುಗುವ ತೂಕ. ಅದು ದೋಣಿಯ ನಡುವಿನಿಂದ ತುಸು ಹಿಂದೆ, ನಡುಗೆರೆಯ ಮೇಲೆ ಇರಲಿ. ಮೂಲೆಗಳು ದುಂಡಗಿರಲಿ, ಮೀನು ಮೂತಿ ಒರೆಸಿಕೊಳ್ಳುವುದಿಲ್ಲ. ಒಳಬರುವ ಪೈಪ್ 19 ಮಿ.ಮೀ. ಇದ್ದರೆ ಉಕ್ಕಿಹೋಗುವ ಪೈಪ್ ಕನಿಷ್ಠ 32 ಇರಬೇಕು: ಒಂದನ್ನು ಪಂಪ್ ತಳ್ಳುತ್ತದೆ, ಇನ್ನೊಂದರಲ್ಲಿ ನೀರು ತನ್ನ ಭಾರಕ್ಕೆ ತಾನೇ ಇಳಿಯಬೇಕು. ತಳದ ತೂತಿಗೆ ಮುಚ್ಚುವ ವಾಲ್ವ್, ನೀರಿನ ಮಟ್ಟದ ಕೆಳಗಿನ ಪ್ರತಿ ಹೋಸಿಗೆ ಎರಡೆರಡು ಸ್ಟೇನ್‌ಲೆಸ್ ಕ್ಲಿಪ್.

ರಾಡ್ ಹೋಲ್ಡರನ್ನು ಫೈಬರ್‌ಗೆ ಬರಿ ಸ್ಕ್ರೂನಿಂದ ಕೂರಿಸಿದರೆ ದೊಡ್ಡ ಮೀನು ಮೊದಲ ಎಳೆತಕ್ಕೇ ಕಿತ್ತುಕೊಂಡು ಹೋಗುತ್ತದೆ. ಬೋಲ್ಟ್ ಆರಪಾರ ಹಾಕಿ, ಕೆಳಗೆ 5 ಮಿ.ಮೀ. ಅಲ್ಯೂಮಿನಿಯಂ ಅಥವಾ ಗಟ್ಟಿ ಪ್ಲಾಸ್ಟಿಕ್ ತಟ್ಟೆ ಕೊಡಿ. ಕೊರೆಯುವ ಮುನ್ನ ರಾಡ್ ಇಟ್ಟು ಎಂಜಿನ್ ಪೂರ್ತಿ ಮೇಲೆತ್ತಿ, ಎರಡೂ ಬದಿ ತಿರುಗಿಸಿ, ರಾಡಿಗೆ ತಾಗುವುದಿಲ್ಲವೇ ನೋಡಿ.

ಈಗ ತೂತಿನ ವಿಷಯ. ಒಳಗೆ ಮರವಿರುವ ಯಾವ ಜಾಗದಲ್ಲೇ ಆಗಲಿ, 6 ಮಿ.ಮೀ. ಬೋಲ್ಟ್‌ಗೆ ಮೊದಲು 10 ಮಿ.ಮೀ. ತೂತು ಕೊರೆಯಿರಿ. ಕೆಳಗಿನ ಬಾಯಿಗೆ ಟೇಪ್ ಅಂಟಿಸಿ, ಹತ್ತಿಕಡ್ಡಿಯಿಂದ ತೆಳು ಎಪಾಕ್ಸಿ ಸವರಿ, ಮರ ಕುಡಿಯುವುದನ್ನು ನಿಲ್ಲಿಸಿದ ಮೇಲೆ ಸಿರಿಂಜಿನಿಂದ ಸಿಲಿಕಾ ಬೆರೆಸಿದ ಮಂದ ಎಪಾಕ್ಸಿ ಕೆಳಗಿನಿಂದ ಮೇಲಕ್ಕೆ ತುಂಬಿ. ಮರುದಿನ ಅದರ ನಡುವೆ 6 ಮಿ.ಮೀ. ಕೊರೆದು, ಬಾಯಿಯನ್ನು ತುಸು ಅಗಲಿಸಿ, ಸೀಲಂಟ್ ಹಚ್ಚಿ ಬೋಲ್ಟ್ ಹಾಕಿ. ಸೀಲಂಟ್ ಮುಂದೆಂದೋ ಸೋರಿದರೂ ನೀರಿಗೆ ಸಿಗುವುದು ಎಪಾಕ್ಸಿ ಕೊಳವೆಯೇ ಹೊರತು ಮರವಲ್ಲ. ಎಂಜಿನ್ ಬೋಲ್ಟಿಗೂ ಇದೇ ವಿಧಾನ. ಸೀಲಂಟ್ ಪಾಲಿಯುರೆಥೇನ್ ಇರಲಿ. ಸಿಲಿಕೋನ್ ನೀರಿನ ಮಟ್ಟದ ಕೆಳಗೆ ಬೇಡ. ಅದು ಅಂಟಿದ ಜಾಗದಲ್ಲಿ ಮುಂದೆ ಬಣ್ಣವೂ ನಿಲ್ಲುವುದಿಲ್ಲ. ಬೋಲ್ಟುಗಳು 316 ಸ್ಟೇನ್‌ಲೆಸ್.

ವೈರಿಂಗ್

ಹಳೆಯ ವೈರನ್ನು ಉಳಿಸಿಕೊಳ್ಳುವ ಆಸೆ ಬೇಡ. ತವರ ಲೇಪಿಸಿದ ಬಹುಎಳೆಯ ತಾಮ್ರದ ವೈರ್, ಕ್ರಿಂಪ್ ಮಾಡಿ ಹೀಟ್‌ಶ್ರಿಂಕ್ ಹಾಕಿದ ಜೋಡಣೆ, ಬ್ಯಾಟರಿಯಿಂದ 18 ಸೆಂ.ಮೀ. ಒಳಗೇ ಮುಖ್ಯ ಫ್ಯೂಸ್.

ವೈರಿನ ದಪ್ಪಕ್ಕೆ ಲೆಕ್ಕವಿದೆ: ಹೋಗಿಬರುವ ಒಟ್ಟು ಉದ್ದವನ್ನು ಮೀಟರ್‌ನಲ್ಲಿ, ಅದನ್ನು ಆಂಪ್‌ನಿಂದ ಗುಣಿಸಿ, 0.0175ರಿಂದ ಗುಣಿಸಿ, ಒಪ್ಪಬಹುದಾದ ವೋಲ್ಟೇಜ್ ಇಳಿತದಿಂದ ಭಾಗಿಸಿ. 12 ವೋಲ್ಟ್‌ಗೆ ಶೇ. 3 ಎಂದರೆ 0.36 ವೋಲ್ಟ್. 5 ಆಂಪ್ ಬಿಲ್ಜ್ ಪಂಪ್ (ತಳದಲ್ಲಿ ಸೇರಿದ ನೀರನ್ನು ಹೊರಹಾಕುವುದು) 5 ಮೀಟರ್ ದೂರದಲ್ಲಿದ್ದರೆ 10 × 5 × 0.0175 ÷ 0.36, ಅಂದರೆ 2.4, ಹಾಗಾಗಿ 2.5 ಚದರ ಮಿ.ಮೀ. ವೈರ್. ಇದೇ ಸೂತ್ರವನ್ನು 50 ಆಂಪ್ ಎಳೆಯುವ ಟ್ರೋಲಿಂಗ್ ಮೋಟರ್‌ಗೆ (ಮೀನು ಹಿಡಿಯುವಾಗ ದೋಣಿಯನ್ನು ನಿಧಾನವಾಗಿ ನಡೆಸಲು ಮುಂದೆ ಕೂರಿಸುವ ವಿದ್ಯುತ್ ಮೋಟರ್‌ಗೆ) ಹಾಕಿ. ಬ್ಯಾಟರಿ ಹಿಂದೆ, 4 ಮೀಟರ್ ದೂರದಲ್ಲಿದ್ದರೆ 19.4 ಬರುತ್ತದೆ, ಅಂದರೆ 25 ಚದರ ಮಿ.ಮೀ.ನ ದಪ್ಪ ಕೇಬಲ್. ಬ್ಯಾಟರಿಯನ್ನೇ ಮುಂದೆ ತಂದು ದೂರ 1.5 ಮೀಟರ್ ಮಾಡಿದರೆ 10 ಚದರ ಮಿ.ಮೀ. ಸಾಕು, ಜೊತೆಗೆ ಹಿಂಬದಿಯ 25 ಕೆಜಿ ಮುಂದೆ ಬಂದು ದೋಣಿ ಸಮನಾಗಿ ಕೂರುತ್ತದೆ. ಬ್ಯಾಟರಿ ಪಕ್ಕ 60 ಆಂಪ್ ಬ್ರೇಕರ್ ಮರೆಯಬೇಡಿ.

ಬಿಲ್ಜ್ ಪಂಪ್‌ನ ಫ್ಲೋಟ್ ಸ್ವಿಚ್ (ನೀರೇರಿದಾಗ ಪಂಪನ್ನು ತಾನೇ ಓಡಿಸುವುದು) ಮುಖ್ಯ ಸ್ವಿಚ್ಚಿಗೆ ಹೊರತಾಗಿ, ಪ್ರತ್ಯೇಕ ಫ್ಯೂಸ್ ಮೂಲಕ ಬ್ಯಾಟರಿಗೇ ಹೋಗಬೇಕು. ಇನ್ನು ಪಂಪಿನ ಸಾಮರ್ಥ್ಯ: ನೀರಿನ ಮಟ್ಟಕ್ಕಿಂತ 30 ಸೆಂ.ಮೀ. ಕೆಳಗೆ 25 ಮಿ.ಮೀ. ಡ್ರೈನ್ ಪ್ಲಗ್ ಬಿಚ್ಚಿಹೋದರೆ ನಿಮಿಷಕ್ಕೆ ಸುಮಾರು 43 ಲೀಟರ್ ನುಗ್ಗುತ್ತದೆ. ಗಂಟೆಗೆ 500 ಗ್ಯಾಲನ್ ಎಂದು ಬರೆದ ಪಂಪ್ ತಳ್ಳುವುದು ನಿಮಿಷಕ್ಕೆ 31 ಲೀಟರ್, ಅದೂ ಕಾಗದದ ಮೇಲೆ. ಹೋಸ್ ಮೇಲೇರಿಸುವಷ್ಟರಲ್ಲಿ ಇನ್ನೂ ಕಡಿಮೆ. ಗಂಟೆಗೆ 1000 ಗ್ಯಾಲನ್‌ಗಿಂತ ಚಿಕ್ಕದನ್ನು ಹಾಕುವುದರಲ್ಲಿ ಅರ್ಥವಿಲ್ಲ.

ಇಂಧನ ಮತ್ತು ಎಂಜಿನ್

ಇಂಧನದ ಹೋಸ್, ಪ್ರೈಮರ್ ಬಲ್ಬ್ ಎರಡನ್ನೂ ನೋಡದೆಯೇ ಬದಲಿಸಿ. ಎಥೆನಾಲ್ ಬೆರೆತ ಪೆಟ್ರೋಲ್ ಹಳೆಯ ರಬ್ಬರನ್ನು ಒಳಗಿನಿಂದ ಸುಲಿದು ಕಾರ್ಬ್ಯುರೇಟರ್‌ಗೆ ಕಳಿಸುತ್ತದೆ. ನೀರು ಬೇರ್ಪಡಿಸುವ 10 ಮೈಕ್ರಾನ್ ಫಿಲ್ಟರ್ ಹಾಕಿ.

ಎಲ್ಲ ಸ್ಪಾರ್ಕ್ ಪ್ಲಗ್ ಬಿಚ್ಚಿ ಕಂಪ್ರೆಷನ್ ಅಳೆಯಿರಿ. ಅಂಕಿಗಿಂತ ಸಿಲಿಂಡರುಗಳ ನಡುವಿನ ವ್ಯತ್ಯಾಸ ಮುಖ್ಯ, ಶೇ. 10 ಮೀರಿದರೆ ಆ ಎಂಜಿನ್ನಿಗೆ ಹಣ ಸುರಿಯುವ ಮುನ್ನ ಯೋಚಿಸಿ. ಗೇರ್ ಆಯಿಲ್ ಹಾಲಿನಂತೆ ಬೆಳ್ಳಗಿದ್ದರೆ ಒಳಗೆ ನೀರು ಹೋಗಿದೆ. ಪ್ರೊಪೆಲ್ಲರ್ ಬಿಚ್ಚಿ ಶಾಫ್ಟ್ ನೋಡಿ: ಮೀನುಗಾರಿಕೆ ದೋಣಿಗಳಲ್ಲಿ ಅಲ್ಲಿ ಸುತ್ತಿಕೊಂಡ ಗಾಳದ ದಾರ ಸೀಲನ್ನು ಕತ್ತರಿಸಿರುತ್ತದೆ. ವಾಟರ್ ಪಂಪ್ ಇಂಪೆಲ್ಲರನ್ನು ಕಣ್ಮುಚ್ಚಿ ಬದಲಿಸಿ.

ಕೂರಿಸುವಾಗ ಪ್ರೊಪೆಲ್ಲರ್ ಮೇಲಿನ ಅಗಲ ತಟ್ಟೆ ತಳದ ಮಟ್ಟದಿಂದ 25 ಮಿ.ಮೀ. ಮೇಲಿನವರೆಗೆ ಇರಬಹುದು. ತಗ್ಗಿದ್ದರೆ ನೀರು ಚಿಮ್ಮಿ ವೇಗ ತಿನ್ನುತ್ತದೆ, ಹೆಚ್ಚು ಎತ್ತರವಾದರೆ ತಿರುವಿನಲ್ಲಿ ಪ್ರೊಪೆಲ್ಲರ್ ಗಾಳಿ ಎಳೆಯುತ್ತದೆ.

ಹೊರಮೈ

ಇದು ಎಲ್ಲರಿಗೂ ಇಷ್ಟದ ಭಾಗ, ಹೇಳಬೇಕಾದ್ದು ಕಡಿಮೆ. ಉಜ್ಜುವ ಮುನ್ನ ಮೇಣ ತೆಗೆಯುವ ದ್ರಾವಕದಿಂದ ಒರೆಸಿ, ಪ್ರತಿ ಸಲ ಹೊಸ ಬಟ್ಟೆಯಲ್ಲಿ. ಮೊದಲೇ ಉಜ್ಜಿದರೆ ಮೇಣ ಗೀರುಗಳೊಳಗೆ ಸೇರುತ್ತದೆ. ಜೇಡರ ಬಲೆಯಂಥ ಬಿರುಕುಗಳನ್ನು ವಿ ಆಕಾರಕ್ಕೆ ಅಗಲಿಸಿ ತುಂಬಿ. ಆಳದ ಹಾನಿಗೆ ಫೈಬರ್ ದಪ್ಪದ 12 ಪಟ್ಟು ಅಗಲಕ್ಕೆ ಇಳಿಜಾರಾಗಿ ಗ್ರೈಂಡ್ ಮಾಡಿ ಪದರ ಕಟ್ಟಬೇಕು: 5 ಮಿ.ಮೀ. ದಪ್ಪಕ್ಕೆ ಸುತ್ತಲೂ 60 ಮಿ.ಮೀ. ಎಪಾಕ್ಸಿ ತೇಪೆಯ ಮೇಲೆ ಜೆಲ್‌ಕೋಟ್ ಬೇಡ, ಪ್ರೈಮರ್ ಮತ್ತು ಎರಡು ಭಾಗದ ಪಾಲಿಯುರೆಥೇನ್ ಬಣ್ಣ ಹಾಕಿ. ಅದನ್ನು ರೋಲರ್‌ನಿಂದ ಬಳಿದು ಬ್ರಶ್ ತುದಿಯಿಂದ ನೇವರಿಸಿದರೆ ಸಾಕಷ್ಟು ನುಣುಪು ಬರುತ್ತದೆ. ಸ್ಪ್ರೇ ಮಾಡಿದರೆ ಗಾಳಿಯಲ್ಲಿ ತೇಲುವ ಐಸೋಸಯನೇಟ್‌ಗೆ ಸಾಮಾನ್ಯ ಮಾಸ್ಕ್ ತಡೆಯಲ್ಲ. ಇಬ್ಬನಿ ಬೀಳುವ ಮುನ್ನ ಬಣ್ಣ ಒಣಗಿರಬೇಕು.

ನೀರಿಗಿಳಿಸುವುದು

ಮೊದಲು ನೆಲದ ಮೇಲೆ, ಟ್ರೈಲರ್ ತಡೆಯುವಷ್ಟೇ ನೀರನ್ನು ಒಳಗೆ ತುಂಬಿ, ಹೊರಗೆ ಎಲ್ಲಿ ಜಿನುಗುತ್ತದೆ ನೋಡಿ. ಒಳಗಿನಿಂದ ಸೋರಿದ್ದು ಹೊರಗಿನಿಂದಲೂ ಸೋರುತ್ತದೆ. ಆಮೇಲೆ ದಡದ ಪಕ್ಕ ಕಟ್ಟಿ ಒಂದು ಗಂಟೆ ತೇಲಲು ಬಿಡಿ.

ಪೂರ್ತಿ ಲೋಡಿನಲ್ಲಿ, ಕಿಲ್ ಸ್ವಿಚ್ಚಿನ (ನೀವು ಬಿದ್ದರೆ ಎಂಜಿನ್ ನಿಲ್ಲಿಸುವ ಸ್ವಿಚ್ಚಿನ) ದಾರ ಮೈಗೆ ಸಿಕ್ಕಿಸಿಕೊಂಡು, ಪೂರ್ತಿ ಥ್ರಾಟಲ್ ಕೊಟ್ಟು ಆರ್‌ಪಿಎಂ ನೋಡಿ. ಎಂಜಿನ್ ತಯಾರಕರು ಹೇಳಿದ ಮಿತಿಗೆ ತಲುಪದಿದ್ದರೆ ಪ್ರೊಪೆಲ್ಲರಿನ ಪಿಚ್ (ಒಂದು ಸುತ್ತಿಗೆ ಅದು ಮುಂದೆ ಸಾಗುವ ದೂರ) ಇಳಿಸಿ; ಒಂದು ಇಂಚು ಪಿಚ್‌ಗೆ ಸುಮಾರು 150ರಿಂದ 200 ಆರ್‌ಪಿಎಂ ಬದಲಾಗುತ್ತದೆ. ಹೊಸ ಡೆಕ್, ಲೈವ್‌ವೆಲ್ ಸೇರಿದ ಮೇಲೆ ಹಳೆಯ ಪ್ರೊಪೆಲ್ಲರ್ ಭಾರವಾಗುವುದು ಸಹಜ.

ಐದಾರು ಗಂಟೆ ಓಡಿಸಿದ ಮೇಲೆ ಎಂಜಿನ್ ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ ಮತ್ತೆ ಪರೀಕ್ಷಿಸಿ, ಟ್ರಾನ್ಸಮ್‌ನ ಒಳಮೂಲೆಗಳಲ್ಲಿ ಕೂದಲಿನಂಥ ಗೆರೆ ಕಂಡಿದೆಯೇ ಎಂದು ಟಾರ್ಚ್ ಹಿಡಿದು ನೋಡಿ. ಪ್ರತಿ ಸಲ ನೀರಿನಿಂದ ಮೇಲೆತ್ತಿದಾಗ ಡ್ರೈನ್ ಪ್ಲಗ್ ಬಿಚ್ಚಿ, ಬಂದ ನೀರನ್ನು ಬಕೆಟ್‌ನಲ್ಲಿ ಹಿಡಿದು ಅಳೆದಿಡಿ. ಅಳತೆ ಒಂದೇ ಸಮನಿದ್ದರೆ ಅದು ಎರಚಿದ ನೀರು. ಸಲದಿಂದ ಸಲಕ್ಕೆ ಹೆಚ್ಚುತ್ತ ಹೋದರೆ ಲೈವ್‌ವೆಲ್ ಹೋಸಿನ ಕ್ಲಿಪ್ಪಿನಿಂದ ಹುಡುಕಲು ಶುರುಮಾಡಿ.